ಎಂಜಿನ್ ಬದಲಾಯಿಸಿದ ಮೇಲೆ ವೈರಿಂಗ್ ಕಾಟ: ಇಸಿಯು ಬಿಚ್ಚುವ ಮೊದಲು ಇಷ್ಟು ನೋಡಿ

ಪ್ರಶ್ನೆ: ನನ್ನ ಕಾರಿನ ಪೆಟ್ರೋಲ್ ಎಂಜಿನ್ ಸೀಜ್ ಆಗಿತ್ತು. ಅದೇ ಕಂಪನಿಯ, ಆದರೆ ಸ್ವಲ್ಪ ಈಚಿನ ಮಾಡೆಲ್‌ನ ಎಂಜಿನ್ ತಂದು ಕೂರಿಸಿದೆವು. ಅದರ ಜೊತೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ) ಮತ್ತು ಎಂಜಿನ್ ಕಡೆಯ ವೈರಿಂಗ್ ಕೂಡ ಬಂತು. ಡ್ಯಾಶ್‌ಬೋರ್ಡ್ ಕಡೆಯ ವೈರಿಂಗ್ ಹಳೆಯದೇ. ಎಂಜಿನ್ ಚೆನ್ನಾಗಿ ಓಡುತ್ತದೆ. ಆದರೆ ಕೆಲವು ಸಲ ಕೀ ತಿರುಗಿಸಿದರೆ ಟಕ್ ಎಂದು ಸುಮ್ಮನಾಗುತ್ತದೆ. ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಬ್ಯಾಟರಿ ದೀಪ ಮಂಕಾಗಿ ಉರಿಯುತ್ತಲೇ ಇರುತ್ತದೆ. ಸ್ಕ್ಯಾನರ್ ಹಾಕಿದರೆ ಮೂರ್ನಾಲ್ಕು ಸೆನ್ಸರ್ ಕೋಡ್ ಒಟ್ಟಿಗೆ ಬರುತ್ತವೆ. ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಖಾಲಿ. ಮೆಕ್ಯಾನಿಕ್ ‘ಇಸಿಯು ಹೋಗಿದೆ, ಬದಲಾಯಿಸೋಣ’ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಇಸಿಯುಗೆ ಸದ್ಯಕ್ಕೆ ಕೈ ಹಾಕಬೇಡಿ. ಎಂಜಿನ್ ಚೆನ್ನಾಗಿ ಓಡುತ್ತಿದೆ ಎಂದು ನೀವೇ ಹೇಳಿದ್ದೀರಿ. ಅಂದರೆ ಇಸಿಯು ಕ್ರ್ಯಾಂಕ್ ಸೆನ್ಸರ್ ಓದುತ್ತಿದೆ, ಇಂಜೆಕ್ಟರ್ ತೆರೆಯುತ್ತಿದೆ, ಸರಿಯಾದ ಹೊತ್ತಿಗೆ ಸ್ಪಾರ್ಕ್ ಕೊಡುತ್ತಿದೆ. ಇಷ್ಟು ಕೆಲಸ ಮಾಡುತ್ತಿರುವ ಪೆಟ್ಟಿಗೆಯ ಮೇಲೆ ಮೊದಲೇ ಅನುಮಾನ ಪಡುವುದು ಯಾಕೆ?

ಎಂಜಿನ್ ಬದಲಾಯಿಸಿದ ಕಾರುಗಳಲ್ಲಿ ಕರೆಂಟಿನ ತೊಂದರೆ ಬಂದರೆ ನಾನು ಮೊದಲು ನೋಡುವುದು ಹಳೆ ಕಾರು ಮತ್ತು ಹೊಸ ಎಂಜಿನ್ ಸೇರುವ ಜಾಗಗಳನ್ನು. ಬಿಚ್ಚಿ ಮತ್ತೆ ಹಾಕಿದ ಬೋಲ್ಟ್, ಕತ್ತರಿಸಿ ಜೋಡಿಸಿದ ವೈರ್, ಅಂದಾಜಿನಲ್ಲಿ ಚುಚ್ಚಿದ ಕಪ್ಲರ್ (ವೈರ್ ಜೋಡಿಸುವ ಪ್ಲಗ್). ಎಂಜಿನ್ ಒಳಗಿನ ಸೆನ್ಸರ್‌ಗಳು ಬರುವಾಗ ಹೇಗಿದ್ದವೋ ಹಾಗೇ ಇರುತ್ತವೆ. ಗ್ಯಾರೇಜಿನಲ್ಲಿ ಮನುಷ್ಯರ ಕೈ ಆಡಿದ ಜಾಗವೇ ಬೇರೆ. ನಿಮ್ಮ ಐದು ದೂರುಗಳು ಐದು ಬೇರೆ ಬೇರೆ ದೋಷಗಳೂ ಅಲ್ಲ. ಓದಿದ ಮಟ್ಟಿಗೆ ಹೇಳುವುದಾದರೆ ಮೂರು ಇರಬಹುದು, ಅದರಲ್ಲಿ ಒಂದು ಅರ್ತ್, ಅಂದರೆ ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ.

ಕೆಲಸ ಶುರು ಮಾಡುವ ಮುಂಚೆ ಎರಡು ವೈರಿಂಗ್ ಡಯಾಗ್ರಾಂ ಬೇಕು: ನಿಮ್ಮ ಕಾರಿನದು ಒಂದು, ಎಂಜಿನ್ ಬಂದ ಕಾರಿನದು ಇನ್ನೊಂದು. ವೈರಿನ ಬಣ್ಣ ನೋಡಿ ಜೋಡಿಸಿದ್ದರೆ ನಂಬಬೇಡಿ. ಒಂದೇ ಕಂಪನಿಯಲ್ಲೂ ಮಾಡೆಲ್ ಬದಲಾದಾಗ ಬಣ್ಣ ಅದೇ ಇದ್ದು ಕೆಲಸ ಬೇರೆಯಾಗುವುದುಂಟು. ಕಪ್ಲರ್ ಆಕಾರ ಒಂದೇ ಇದ್ದು ಪಿನ್ ಜಾಗ ಬದಲಾಗುವುದೂ ಉಂಟು. ಇನ್ನು ಉಪಕರಣ ಎಂದರೆ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ವೈರ್ ಬೆಸೆದ ಒಂದು 21 ವ್ಯಾಟ್ ಬಲ್ಬ್, ಒಂದು ಜಂಪರ್ ಕೇಬಲ್. ಇಷ್ಟರಲ್ಲೇ ಮುಕ್ಕಾಲು ಕೆಲಸ ಮುಗಿಯುತ್ತದೆ.

ಮೊದಲು ಬ್ಯಾಟರಿ. ಇದನ್ನು ಬೇಗ ಮುಗಿಸೋಣ. ರಾತ್ರಿಯಿಡೀ ಚಾರ್ಜರ್‌ಗೆ ಹಾಕಿ, ತೆಗೆದು ಕೆಲವು ಗಂಟೆ ಬಿಟ್ಟು ವೋಲ್ಟೇಜ್ ನೋಡಿ. 12.6 ಆಸುಪಾಸು ಇದ್ದರೆ ಪೂರ್ತಿ ತುಂಬಿದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿ ಎಂದೇ ಲೆಕ್ಕ. ಆಮೇಲೆ ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೇಲೆಯೇ ಮೀಟರ್ ಇಟ್ಟು ನೋಡಿ. 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಬೇರೆ ಒಳ್ಳೆ ಬ್ಯಾಟರಿ ತಂದು ಹಾಕಿಕೊಂಡು ಮುಂದಿನ ಪರೀಕ್ಷೆ ಮಾಡಿ. ಬಲವಿಲ್ಲದ ಬ್ಯಾಟರಿ ಇಟ್ಟುಕೊಂಡು ದೋಷ ಹುಡುಕಿದರೆ ಸಿಗುವ ಅಳತೆಗಳೆಲ್ಲ ದಾರಿ ತಪ್ಪಿಸುತ್ತವೆ.

ಈಗ ಅರ್ತ್. ಇಲ್ಲಿ ಸ್ವಲ್ಪ ನಿಧಾನಿಸೋಣ.

ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ. ಅಂದರೆ ಅದಕ್ಕೂ ಬಾಡಿಗೂ ತಾನಾಗಿ ಕರೆಂಟ್ ಸಂಪರ್ಕ ಇರುವುದಿಲ್ಲ. ಅದಕ್ಕೇ ಎಂಜಿನ್ ಅಥವಾ ಗೇರ್‌ಬಾಕ್ಸ್‌ನಿಂದ ಬಾಡಿಗೆ ಒಂದು ದಪ್ಪ ಪಟ್ಟಿ ಅಥವಾ ಕೇಬಲ್ ಹಾಕಿರುತ್ತಾರೆ. ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೋ ಗೇರ್‌ಬಾಕ್ಸ್‌ಗೋ ಇನ್ನೊಂದು. ಇವುಗಳ ಜೊತೆಗೆ ಇಸಿಯುನ ಸಣ್ಣ ಅರ್ತ್ ವೈರ್‌ಗಳು ಎಂಜಿನ್ ಮೇಲೆ ಒಂದೆರಡು ಕಡೆ ಬೋಲ್ಟ್ ಆಗುತ್ತವೆ. ಎಂಜಿನ್ ಇಳಿಸುವಾಗ ಇವೆಲ್ಲ ಬಿಚ್ಚಿಹೋಗುತ್ತವೆ. ಹೊಸದು ಕೂರಿಸುವಾಗ ಒಂದಲ್ಲ ಒಂದು ಮರೆತುಹೋಗುತ್ತದೆ. ಇಲ್ಲವೇ ಹೊಸದಾಗಿ ಪೇಂಟ್ ಹೊಡೆದ ಬ್ರ್ಯಾಕೆಟ್ ಮೇಲೆ ಬೋಲ್ಟ್ ಬಿಗಿಯುತ್ತಾರೆ. ನೋಡೋಕೆ ಭದ್ರವಾಗಿರುತ್ತದೆ, ಅಲ್ಲಾಡಿಸಿದರೆ ಅಲ್ಲಾಡುವುದಿಲ್ಲ, ಆದರೆ ಲಗ್‌ಗೂ (ಕೇಬಲ್ ತುದಿಯ ಲೋಹದ ಬಳೆ) ಲೋಹಕ್ಕೂ ಮಧ್ಯೆ ಪೇಂಟಿನ ಪದರ ಕೂತಿರುತ್ತದೆ.

ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಏರುತ್ತದೆ ಎಂದಿರಿ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ಸುಳಿವು ಇದೇ. ಡ್ಯಾಶ್‌ಬೋರ್ಡ್ ಮೀಟರ್‌ಗೆ ಬಿಸಿ ಎಷ್ಟೆಂದು ತಿಳಿಸುವ ಟೆಂಪರೇಚರ್ ಸೆಂಡರ್ ಹಲವು ಕಾರುಗಳಲ್ಲಿ ಒಂದೇ ವೈರಿನದು. ಅದರ ಅರ್ತ್ ಎಂಜಿನ್ ಬ್ಲಾಕೇ. ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಇಳಿಯುತ್ತದೆ, ವೈರಿನ ವೋಲ್ಟೇಜ್ ಕೂಡ ಇಳಿಯುತ್ತದೆ, ಮುಳ್ಳು ಏರುತ್ತದೆ. ಆ ವೋಲ್ಟೇಜನ್ನು ಅಳೆಯುವ ಮೀಟರ್ ಬೋರ್ಡ್ ಮಾತ್ರ ಅರ್ತ್ ತೆಗೆದುಕೊಳ್ಳುವುದು ಬಾಡಿಯಿಂದ. ಈಗ ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟ್ ಹಾಕಿದಿರಿ ಎನ್ನಿ. ಆ ಕರೆಂಟ್ ಬರುವುದು ಎಂಜಿನ್ ಮೇಲಿರುವ ಆಲ್ಟರ್ನೇಟರ್‌ನಿಂದ, ಅಂದರೆ ಕಾರಿನ ಡೈನಮೋದಿಂದ. ಲೈಟ್ ದಾಟಿ ಬಾಡಿಗೆ ಬಂದ ಕರೆಂಟ್ ವಾಪಸ್ ಎಂಜಿನ್‌ಗೆ ಹೋಗಲೇಬೇಕು. ದಾರಿಯಲ್ಲಿರುವುದು ಆ ಅರ್ತ್ ಪಟ್ಟಿ. ಪಟ್ಟಿ ಸರಿ ಇಲ್ಲದಿದ್ದರೆ ಬಾಡಿಗೂ ಎಂಜಿನ್‌ಗೂ ನಡುವೆ ಅರ್ಧ ವೋಲ್ಟೋ ಒಂದು ವೋಲ್ಟೋ ವ್ಯತ್ಯಾಸ ಬೀಳುತ್ತದೆ. ಬಾಡಿಯಿಂದ ನೋಡಿದರೆ ಸೆಂಡರ್ ವೈರಿನ ವೋಲ್ಟೇಜ್ ಅಷ್ಟರ ಮಟ್ಟಿಗೆ ಕೆಳಗಿಳಿದಂತೆ ಕಾಣುತ್ತದೆ. ಮೀಟರ್ ಅದನ್ನೇ ‘ಎಂಜಿನ್ ಬಿಸಿಯಾಯಿತು’ ಎಂದು ತೋರಿಸುತ್ತದೆ. ಎಂಜಿನ್ ಬಿಸಿಯಾಗಿರುವುದಿಲ್ಲ. ಲೈಟ್ ಆರಿಸಿದ ತಕ್ಷಣ ಮುಳ್ಳು ಇಳಿಯುತ್ತದೆಯಾ ನೋಡಿ. ನೀರು ಅಷ್ಟು ಬೇಗ ತಣ್ಣಗಾಗಲು ಸಾಧ್ಯವೇ ಇಲ್ಲ, ಅಲ್ವಾ?

ಟಕ್ ಎಂದು ಸುಮ್ಮನಾಗುವುದಕ್ಕೂ ಇದೇ ಪಟ್ಟಿ ಕಾರಣ ಇರಬಹುದು. ಸೆಲ್ಫ್ ಮೋಟರ್ ಸಣ್ಣ ಪೆಟ್ರೋಲ್ ಎಂಜಿನ್‌ನಲ್ಲೂ 150-200 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟಿಗೆ ದಾರಿಯಲ್ಲಿ 5 ಮಿಲಿಓಮ್ ತಡೆ ಇದ್ದರೂ ಸುಮಾರು ಒಂದು ವೋಲ್ಟ್ ಅಲ್ಲೇ ತಿಂದುಹೋಗುತ್ತದೆ. 5 ಮಿಲಿಓಮ್ ಸಾಧಾರಣ ಮೀಟರ್‌ನಲ್ಲಿ ಕಾಣುವುದೇ ಇಲ್ಲ. ಓಮ್‌ನಲ್ಲಿಟ್ಟು ಮುಟ್ಟಿಸಿದರೆ ಸೊನ್ನೆ ತೋರಿಸುತ್ತದೆ, ಬೀಪ್ ಹೊಡೆಯುತ್ತದೆ, ‘ಅರ್ತ್ ಪಕ್ಕಾ ಇದೆ’ ಎಂದು ಎಲ್ಲರೂ ಮುಂದೆ ಹೋಗುತ್ತಾರೆ. ಅದಕ್ಕೇ ಅರ್ತ್ ಪರೀಕ್ಷೆಯನ್ನು ಓಮ್‌ನಲ್ಲಿ ಮಾಡಬಾರದು. ಕರೆಂಟ್ ಹರಿಯುತ್ತಿರುವಾಗ ವೋಲ್ಟ್‌ನಲ್ಲಿ ಮಾಡಬೇಕು.

ಮಾಡುವುದು ಹೀಗೆ. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಹಿಡಿಯಿರಿ. ಕ್ಲಾಂಪ್‌ಗಲ್ಲ, ಸೀಸದ ಕಂಬಕ್ಕೆ. ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಮೇಲೆ ಪೇಂಟ್ ಇಲ್ಲದ ಬೋಲ್ಟ್ ತಲೆಗೆ ಒತ್ತಿ. ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. 0.2 ವೋಲ್ಟ್ ಒಳಗೆ ಇದ್ದರೆ ಚಿಂತೆಯಿಲ್ಲ. ಅರ್ಧ, ಒಂದು, ಎರಡು ವೋಲ್ಟ್ ಬಂದರೆ ಅರ್ತ್ ಕೆಟ್ಟಿದೆ. ಆಗ ಕೆಂಪು ಕಡ್ಡಿಯನ್ನು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ತನ್ನಿ. ಬ್ಲಾಕ್, ಪಟ್ಟಿಯ ಎಂಜಿನ್ ಕಡೆಯ ಲಗ್, ಬಾಡಿ ಕಡೆಯ ಲಗ್, ಬಾಡಿಯ ಲೋಹ, ಬ್ಯಾಟರಿ ಕೇಬಲ್ ಬೋಲ್ಟ್ ಆದ ಜಾಗ, ಕೊನೆಗೆ ಬ್ಯಾಟರಿ ಕ್ಲಾಂಪ್. ಪ್ರತಿ ಸಲ ಸೆಲ್ಫ್ ಹೊಡೆಯಬೇಕು. ಯಾವ ಎರಡು ಜಾಗಗಳ ನಡುವೆ ಅಳತೆ ಧಡಕ್ಕನೆ ಇಳಿಯುತ್ತದೋ ಅಲ್ಲೇ ದೋಷ. ಎಷ್ಟೋ ಸಲ ಕೇಬಲ್ ಹೊಸದಾಗಿರುತ್ತದೆ, ಅದರ ಲಗ್ ಒಳಗೆ ಕ್ರಿಂಪ್ (ವೈರನ್ನು ಒತ್ತಿ ಹಿಡಿದ ಜಾಗ) ಲೂಸಾಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೀಟರ್‌ಗೆ ಕಾಣುತ್ತದೆ.

ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿ. ಬಾಡಿಗೂ ಬ್ಲಾಕಿಗೂ ನಡುವೆ ಅಳೆಯಿರಿ. 0.1 ವೋಲ್ಟ್ ಒಳಗಿರಬೇಕು. ಇನ್ನೂ ಸುಲಭದ ದಾರಿ ಬೇಕೆಂದರೆ ಜಂಪರ್ ಕೇಬಲ್ ತೆಗೆದು ಒಂದು ತುದಿ ಬ್ಲಾಕಿಗೆ, ಇನ್ನೊಂದು ತುದಿ ಬ್ಯಾಟರಿ ನೆಗೆಟಿವ್‌ಗೆ ಕಚ್ಚಿಸಿ. ಫ್ಯಾನ್ ಮತ್ತು ಬೆಲ್ಟ್‌ನಿಂದ ದೂರ ಇರಲಿ. ಮುಳ್ಳು ನೆಟ್ಟಗಾಗಿ ಸೆಲ್ಫ್ ಚುರುಕಾದರೆ ಉತ್ತರ ಸಿಕ್ಕಂತೆ.

ಅರ್ತ್ ಪಟ್ಟಿ ಪೂರ್ತಿ ಮರೆತುಹೋದ ಕಾರುಗಳಲ್ಲಿ ಇನ್ನೊಂದು ವಿಚಿತ್ರ ನೋಡಿದ್ದೇನೆ. ಸೆಲ್ಫ್‌ನ ಕರೆಂಟ್ ಬೇರೆ ದಾರಿ ಸಿಗದೆ ಕ್ಲಚ್ ಕೇಬಲ್ ಅಥವಾ ಗೇರ್ ಕೇಬಲ್ ಮೂಲಕ ಹರಿಯುತ್ತದೆ. ಕೇಬಲ್ ಕಾದು ಹೊರಗಿನ ಪ್ಲಾಸ್ಟಿಕ್ ಕರಗುತ್ತದೆ, ಕ್ಲಚ್ ಪೆಡಲ್ ಗಟ್ಟಿಯಾಗುತ್ತದೆ. ಮೆಕ್ಯಾನಿಕ್ ಕ್ಲಚ್ ಕೇಬಲ್ ಬದಲಾಯಿಸುತ್ತಾರೆ, ಸ್ವಲ್ಪ ದಿನಕ್ಕೆ ಅದೂ ಗಟ್ಟಿ. ಎರಡು ಮೂರು ಸಲ ಸೆಲ್ಫ್ ಹೊಡೆದ ತಕ್ಷಣ ನಿಮ್ಮ ಕೇಬಲ್‌ಗಳನ್ನು ಹುಷಾರಾಗಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಬೇರೆ ಪರೀಕ್ಷೆಯೇ ಬೇಡ.

ಸರಿಪಡಿಸುವುದು ಸುಲಭ. ಲಗ್ ಕೂರುವ ಜಾಗವನ್ನು ಎಮರಿ ಪೇಪರ್‌ನಲ್ಲಿ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲಿಂದ ಗ್ರೀಸ್ ಸವರಿ. ಪಟ್ಟಿಯ ದಪ್ಪ ಬ್ಯಾಟರಿ ನೆಗೆಟಿವ್ ಕೇಬಲ್‌ನಷ್ಟೇ ಇರಲಿ. ಇಸಿಯುನ ಸಣ್ಣ ಅರ್ತ್ ವೈರ್‌ಗಳು ಎಂಜಿನ್ ಬಂದ ಕಾರಿನಲ್ಲಿ ಎಲ್ಲಿ ಬೋಲ್ಟ್ ಆಗಿದ್ದವೋ ಅಲ್ಲೇ ಹಾಕಿ. ಹತ್ತಿರ ಸಿಕ್ಕಿತು ಎಂದು ಬಾಡಿಗೆ ಹಾಕಬೇಡಿ.

ಅರ್ತ್ ಸರಿಯಾದ ಮೇಲೂ ಟಕ್ ಸದ್ದು ಉಳಿದರೆ ಪಾಸಿಟಿವ್ ಕಡೆ ನೋಡಿ. ಬ್ಯಾಟರಿ ಪಾಸಿಟಿವ್ ಕಂಬದಿಂದ ಸೆಲ್ಫ್‌ನ ದೊಡ್ಡ ಬೋಲ್ಟಿನವರೆಗೆ ಹೊಡೆಯುವಾಗ ಬೀಳುವ ವೋಲ್ಟೇಜ್ ಅರ್ಧ ವೋಲ್ಟ್‌ಗಿಂತ ಕಡಿಮೆ ಇರಬೇಕು. ಅದೂ ಸರಿ ಇದ್ದರೆ ಸೆಲ್ಫ್‌ನ ಸಣ್ಣ ವೈರ್, ಅಂದರೆ 50 ನಂಬರಿನ ಟರ್ಮಿನಲ್. ಕೀ ತಿರುಗಿಸಿದಾಗ ಅಲ್ಲಿ 10 ವೋಲ್ಟ್ ಆದರೂ ಬರಬೇಕು. ಇಲ್ಲಿ ಒಂದು ಮಾತು. ಮೀಟರ್ ಎಳೆಯುವ ಕರೆಂಟ್ ತೀರಾ ಕಡಿಮೆ. ಒಂದೇ ಒಂದು ಎಳೆ ಉಳಿದ ವೈರ್ ಕೂಡ ಮೀಟರ್‌ಗೆ 12 ವೋಲ್ಟ್ ತೋರಿಸುತ್ತದೆ. ಕಾಲುದಾರಿಯಲ್ಲಿ ಒಬ್ಬರು ನಡೆದು ಹೋಗಬಹುದು, ಲಾರಿ ಹೋಗೋಕಾಗಲ್ಲ. ಆದ್ದರಿಂದ ಕರೆಂಟ್ ಹೊರುವ ವೈರನ್ನು 21 ವ್ಯಾಟ್ ಬಲ್ಬ್ ಹಚ್ಚಿ ನೋಡಿ. ಬೆಳಕು ಪೂರ್ತಿ ಬಂದರೆ ಮಾತ್ರ ವೈರ್ ಸರಿ. ಆದರೆ ಈ ಬಲ್ಬನ್ನು ಸೆನ್ಸರ್ ವೈರ್‌ಗಳಿಗೂ ಇಸಿಯು ಪಿನ್‌ಗಳಿಗೂ ಯಾವ ಕಾರಣಕ್ಕೂ ಹಚ್ಚಬೇಡಿ. ಅದು ಎಳೆಯುವ ಸುಮಾರು ಒಂದೂಮುಕ್ಕಾಲು ಆಂಪಿಯರ್ ಇಸಿಯು ಒಳಗಿನ ಟ್ರಾನ್ಸಿಸ್ಟರ್ ಸುಡಲು ಸಾಕು. ಅಂಥ ಕಡೆ ಮೀಟರ್ ಮಾತ್ರ. ಏರ್‌ಬ್ಯಾಗಿನ ಹಳದಿ ಕಪ್ಲರ್‌ಗಳಿಗಂತೂ ಮೀಟರ್ ಕೂಡ ಬೇಡ.

ಕೀ ತಿರುಗಿಸುವ ಇಗ್ನಿಷನ್ ಸ್ವಿಚ್ ಬಳಿ ಇನ್ನೊಂದು ಸಾಮಾನ್ಯ ತಪ್ಪು ನಡೆಯುತ್ತದೆ. ಸ್ವಿಚ್‌ನಿಂದ ಬರುವ ಲೈನ್‌ಗಳಲ್ಲಿ ರೇಡಿಯೋ, ಬ್ಲೋವರ್‌ಗೆ ಹೋಗುವವು ಸೆಲ್ಫ್ ಹೊಡೆಯುವಾಗ ಆಫ್ ಆಗುತ್ತವೆ. ಇಗ್ನಿಷನ್ ಲೈನ್ ಮಾತ್ರ ಹೊಡೆಯುವಾಗಲೂ ಇರುತ್ತದೆ. ಇಸಿಯುಗೆ ಕೊಡಬೇಕಾದ ಕೀ ಸಿಗ್ನಲ್ಲನ್ನು ಮೊದಲಿನದರಿಂದ ಎಳೆದಿದ್ದರೆ ಎಂಜಿನ್ ಎಷ್ಟು ತಿರುಗಿದರೂ ಹತ್ತುವುದಿಲ್ಲ, ಕೀ ಬಿಟ್ಟ ಕ್ಷಣದಲ್ಲಿ ಹತ್ತುತ್ತದೆ. ನಿಮಗೆ ಹಾಗೆ ಆಗುತ್ತಿದೆಯೇ ಗಮನಿಸಿ.

ಬ್ಯಾಟರಿ ದೀಪಕ್ಕೆ ಬರೋಣ. ಈ ದೀಪದ ಒಂದು ಕಡೆ ಇಗ್ನಿಷನ್ ಲೈನ್, ಇನ್ನೊಂದು ಕಡೆ ಆಲ್ಟರ್ನೇಟರ್‌ನ ಎಲ್ ಟರ್ಮಿನಲ್. ಕೀ ಹಾಕಿದಾಗ ದೀಪದ ಮೂಲಕವೇ ಸ್ವಲ್ಪ ಕರೆಂಟ್ ಹೋಗಿ ಆಲ್ಟರ್ನೇಟರ್‌ನ ಫೀಲ್ಡ್ (ಒಳಗಿನ ಕಾಂತದ ಸುರುಳಿ) ಎಬ್ಬಿಸುತ್ತದೆ. ಚಾರ್ಜ್ ಶುರುವಾದ ಮೇಲೆ ಎಲ್ ಟರ್ಮಿನಲ್ ಕೂಡ ಬ್ಯಾಟರಿಯಷ್ಟೇ ವೋಲ್ಟೇಜ್‌ಗೆ ಏರುತ್ತದೆ. ಎರಡು ಕಡೆಯೂ ಸಮ, ದೀಪ ಆರುತ್ತದೆ. ಹಾಗಾದರೆ ಮಂಕಾಗಿ ಉರಿಯುವುದೆಂದರೆ ಎರಡು ಕಡೆಯ ನಡುವೆ ಸ್ವಲ್ಪ ವ್ಯತ್ಯಾಸ ಉಳಿದಿದೆ ಎಂದರ್ಥ. ಚಾರ್ಜ್ ಪೂರ್ತಿ ಆಗುತ್ತಿಲ್ಲ ಎಂದೇ ಆಗಬೇಕಿಲ್ಲ. ಆಲ್ಟರ್ನೇಟರ್ ಕಡೆ 14 ವೋಲ್ಟ್ ಇದ್ದು, ಡ್ಯಾಶ್‌ಬೋರ್ಡ್ ಕಡೆಯ ಇಗ್ನಿಷನ್ ಲೈನ್ ಯಾವುದೋ ಕೆಟ್ಟ ಜೋಡಣೆಯಿಂದ 12ಕ್ಕೆ ಬಿದ್ದಿದ್ದರೂ ದೀಪ ಹೀಗೇ ಉರಿಯುತ್ತದೆ.

ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಅಳೆಯಿರಿ. 13.8ರಿಂದ 14.5ರ ನಡುವೆ ಇದ್ದರೆ ಚಾರ್ಜಿಂಗ್ ಸರಿ. ಡ್ಯಾಶ್‌ಬೋರ್ಡ್ ಕಡೆಯ ಜೋಡಣೆ ಹುಡುಕಿ. ಬ್ಯಾಟರಿ ಮೇಲೆ 13 ಇದ್ದು ಆಲ್ಟರ್ನೇಟರ್‌ನ ದಪ್ಪ ಬೋಲ್ಟ್ ಮೇಲೆ 14.5 ಇದ್ದರೆ ಮಧ್ಯದ ಕೇಬಲ್ ಅಥವಾ ಮೇನ್ ಫ್ಯೂಸ್ ತಿನ್ನುತ್ತಿದೆ. ಎರಡೂ ಕಡೆ 12.5 ಇದ್ದರೆ ಆಲ್ಟರ್ನೇಟರ್ ಎದ್ದೇ ಇಲ್ಲ. ಹಾಗಿದ್ದರೆ ಅದನ್ನು ರಿಪೇರಿಗೆ ಕೊಡುವ ಮೊದಲು ಡಯಾಗ್ರಾಂ ನೋಡಿ. ಈಚಿನ ಎಂಜಿನ್‌ಗಳಲ್ಲಿ ಆಲ್ಟರ್ನೇಟರ್ ಎಷ್ಟು ಚಾರ್ಜ್ ಮಾಡಬೇಕು ಎಂಬುದನ್ನು ಇಸಿಯುವೇ ಹೇಳುವ ವ್ಯವಸ್ಥೆ ಇರುತ್ತದೆ. ಆ ಸಿಗ್ನಲ್ ವೈರ್ ಹಳೆ ಕಾರಿನ ದೀಪದ ವೈರಿಗೆ ಸೇರಿಸಿದ್ದರೆ ಏನೇ ಮಾಡಿದರೂ ಸರಿಯಾಗಿ ಚಾರ್ಜ್ ಆಗುವುದಿಲ್ಲ. ಇನ್ನು, ಓಡುವ ಎಂಜಿನ್‌ನಲ್ಲಿ ಬ್ಯಾಟರಿ ಟರ್ಮಿನಲ್ ಕಿತ್ತು ‘ಡೈನಮೋ ಚೆಕ್’ ಮಾಡುವ ಹಳೆ ಅಭ್ಯಾಸ ಯಾರಿಗಾದರೂ ಇದ್ದರೆ ನಿಮ್ಮ ಕಾರಿನ ಹತ್ತಿರ ಬಿಡಬೇಡಿ. ಆ ಕ್ಷಣದಲ್ಲಿ ಏಳುವ ವೋಲ್ಟೇಜ್ ಹತ್ತಾರು ವೋಲ್ಟ್ ದಾಟಬಹುದು. ಆಗ ನಿಮ್ಮ ಮೆಕ್ಯಾನಿಕ್ ಹೇಳಿದ ಮಾತು ನಿಜವಾಗುತ್ತದೆ.

ಸೆನ್ಸರ್ ಕೋಡ್‌ಗಳು. ಮೊದಲು ಎಲ್ಲ ಕೋಡ್ ಬರೆದಿಟ್ಟುಕೊಂಡು ಅಳಿಸಿ, ಒಂದು ಸುತ್ತು ಓಡಿಸಿ, ಮತ್ತೆ ಓದಿ. ಕಪ್ಲರ್ ಹಾಕದೆ ಕೀ ತಿರುಗಿಸಿದಾಗ ಬಂದ ಕೋಡ್‌ಗಳು, ಎಂಜಿನ್ ಬಂದ ಕಾರಿನಿಂದಲೇ ಹೊತ್ತು ತಂದ ಕೋಡ್‌ಗಳು ಉದುರಿಹೋಗುತ್ತವೆ. ನಿಮ್ಮ ಕಾರಿನಲ್ಲಿ ಇಲ್ಲದೇ ಇರುವ ಭಾಗಗಳ ಕೋಡ್ ಮಾತ್ರ ಮತ್ತೆ ಬರುತ್ತಲೇ ಇರುತ್ತದೆ. ಉದಾಹರಣೆಗೆ ಪೆಟ್ರೋಲ್ ಆವಿಯ ಪರ್ಜ್ ವಾಲ್ವ್, ಎರಡನೇ ಆಕ್ಸಿಜನ್ ಸೆನ್ಸರ್. ಅದಕ್ಕೆ ಆ ಭಾಗ ಹಾಕಬೇಕು, ಬೇರೆ ದಾರಿ ಇಲ್ಲ. ‘ಯು’ ಅಕ್ಷರದಿಂದ ಶುರುವಾಗುವ ಕೋಡ್ ಬಂದರೆ ಇಸಿಯು ಯಾವುದೋ ಬೇರೆ ಪೆಟ್ಟಿಗೆಯನ್ನು ಹುಡುಕುತ್ತಿದೆ. ಬ್ರೇಕಿನ ಎಬಿಎಸ್ ಇರಬಹುದು, ಮೀಟರ್ ಬೋರ್ಡ್ ಇರಬಹುದು.

ಉಳಿದ ಕೋಡ್‌ಗಳನ್ನು ಒಂದೊಂದಾಗಿ ನೋಡಬೇಡಿ. ಅವೆಲ್ಲ ಹಂಚಿಕೊಳ್ಳುವುದು ಏನನ್ನು ಎಂದು ಡಯಾಗ್ರಾಂನಲ್ಲಿ ಹುಡುಕಿ. ಮೂರ್ನಾಲ್ಕು ಸೆನ್ಸರ್ ಒಂದೇ ದಿನ ಕೆಡುವುದಿಲ್ಲ. ಥ್ರಾಟಲ್ ಸೆನ್ಸರ್, ಮ್ಯಾಪ್ ಸೆನ್ಸರ್ (ಇನ್‌ಟೇಕ್ ಒತ್ತಡ ಅಳೆಯುವುದು) ಇಂಥವುಗಳಿಗೆ ಇಸಿಯು 5 ವೋಲ್ಟ್ ಲೈನ್ ಒಂದನ್ನು ಕೊಟ್ಟು ಹಂಚುತ್ತದೆ. ಅದರಲ್ಲಿ ಒಂದು ಸೆನ್ಸರ್ ಶಾರ್ಟ್ ಆದರೆ, ಅಥವಾ ವೈರ್ ಎಲ್ಲೋ ಉಜ್ಜಿ ಬಾಡಿಗೆ ತಾಗಿದರೆ, ಎಲ್ಲವೂ ಒಟ್ಟಿಗೆ ಮಲಗುತ್ತವೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಥ್ರಾಟಲ್ ಸೆನ್ಸರ್ ಕಪ್ಲರ್‌ನಲ್ಲಿ ಆ ಲೈನ್ ಅಳೆಯಿರಿ. 5 ವೋಲ್ಟ್‌ಗೆ ತೀರಾ ಹತ್ತಿರ ಇರಬೇಕು. ಸೊನ್ನೆಯೋ ಎರಡೋ ಬಂದರೆ ಮೀಟರ್ ಅಲ್ಲೇ ಇಟ್ಟು, ಅದೇ ಲೈನಿನ ಸೆನ್ಸರ್ ಕಪ್ಲರ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ. ಯಾವುದನ್ನು ತೆಗೆದಾಗ 5 ವಾಪಸ್ ಬಂತೋ ಅದೇ ಕಳ್ಳ. ಎಲ್ಲ ತೆಗೆದರೂ ಬರದಿದ್ದರೆ ವೈರಿಂಗ್ ಒಳಗೆ. 12 ತೋರಿಸಿದರೆ ಯಾರೋ ತಪ್ಪು ವೈರ್ ಸೇರಿಸಿದ್ದಾರೆ, ಕೀ ಕೂಡಲೇ ಆಫ್ ಮಾಡಿ.

5 ಸರಿ ಇದ್ದರೆ ಸೆನ್ಸರ್‌ಗಳು ಹಂಚಿಕೊಂಡ ಅರ್ತ್ ಪಿನ್ ನೋಡಿ. ಎಂಜಿನ್ ಓಡುವಾಗ ಆ ಪಿನ್‌ಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಬಹುತೇಕ ಸೊನ್ನೆ ಇರಬೇಕು. ಅಲ್ಲೂ ವೋಲ್ಟೇಜ್ ಕಂಡರೆ ಇಸಿಯುನ ಅರ್ತ್ ಬೋಲ್ಟ್‌ಗಳಿಗೇ ವಾಪಸ್ ಹೋಗಿ. ಎಂಜಿನ್ ಅರ್ತ್ ಸರಿಮಾಡಿದ ಮೇಲೆ ಈ ಕೋಡ್‌ಗಳಲ್ಲಿ ಅರ್ಧ ತಾವಾಗಿ ಮಾಯವಾದರೂ ನನಗೆ ಆಶ್ಚರ್ಯವಿಲ್ಲ.

ಕಪ್ಲರ್ ಅದಲುಬದಲೂ ನೋಡಿಬಿಡಿ. ಒಂದೇ ಆಕಾರದ ಎರಡು ಕಪ್ಲರ್ ಪಕ್ಕಪಕ್ಕ ಬರುವ ಎಂಜಿನ್‌ಗಳಿವೆ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಕ್ಯಾಮ್ ಸೆನ್ಸರ್, ಅಕ್ಕಪಕ್ಕದ ಇಗ್ನಿಷನ್ ಕಾಯಿಲ್, ಹೀಗೆ. ತೆಗೆದು ಒಳಗೂ ನೋಡಿ. ಪಿನ್ ಹಿಂದಕ್ಕೆ ಸರಿದಿದೆಯಾ, ಬಾಗಿದೆಯಾ, ಯಾರೋ ಮೀಟರ್ ಕಡ್ಡಿ ಚುಚ್ಚಿ ಅಗಲ ಮಾಡಿದ್ದಾರಾ? ಟಾರ್ಚ್ ಹಿಡಿದು ಇಸಿಯುನ ದೊಡ್ಡ ಕಪ್ಲರನ್ನೂ ಹಾಗೇ ನೋಡಿ, ಬ್ಯಾಟರಿ ನೆಗೆಟಿವ್ ತೆಗೆದ ಮೇಲೆ. ಕೂಲಂಟ್ ಟೆಂಪರೇಚರ್ ಸೆನ್ಸರನ್ನು ಓಮ್‌ನಲ್ಲಿ ಪರೀಕ್ಷಿಸಬಹುದು: ಸಾಮಾನ್ಯವಾಗಿ ತಣ್ಣಗಿರುವಾಗ 2-3 ಸಾವಿರ ಓಮ್, ಪೂರ್ತಿ ಬಿಸಿಯಾದಾಗ 200-300. ಇದು ಇಸಿಯುಗೆ ಹೋಗುವ ಎರಡು ವೈರಿನ ಸೆನ್ಸರ್. ಮೀಟರ್‌ನ ಮುಳ್ಳಿಗೆ ಹೋಗುವುದು ಬೇರೆಯದು ಇರಬಹುದು. ಹಳೆ ಎಂಜಿನ್‌ನ ಸೆಂಡರನ್ನು ಹೊಸದಕ್ಕೆ ಹಾಕಿಕೊಂಡರೆ ಮಾತ್ರ ಹಳೆ ಮೀಟರ್ ಸರಿಯಾಗಿ ತೋರಿಸುತ್ತದೆ. ಆಯಿಲ್ ಪ್ರೆಷರ್ ಸ್ವಿಚ್‌ಗೂ ಇದೇ ಮಾತು.

ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಓಡದಂತೆ ತಡೆಯುವ ವ್ಯವಸ್ಥೆ) ಬಗ್ಗೆ ನೀವು ಕೇಳಿಲ್ಲ. ನಿಮ್ಮ ಎಂಜಿನ್ ಓಡುತ್ತಿದೆ, ಆದ್ದರಿಂದ ಆ ತಲೆನೋವು ನಿಮಗಿಲ್ಲ. ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿಗೆ ಆರಿಹೋಗುವವರು, ಡ್ಯಾಶ್‌ಬೋರ್ಡ್‌ನಲ್ಲಿ ಕೀ ಗುರುತಿನ ದೀಪ ಮಿನುಗುವವರು ಮಾತ್ರ ಅದನ್ನು ನೋಡಬೇಕು. ಅವರಿಗೆ ಇಸಿಯು ಜೊತೆ ಎಂಜಿನ್ ಬಂದ ಕಾರಿನ ಕೀ ಚಿಪ್, ಇಮೊಬಿಲೈಸರ್ ಪೆಟ್ಟಿಗೆ ಎಲ್ಲ ಬೇಕು, ಇಲ್ಲವೇ ಹೊಸದಾಗಿ ಹೊಂದಿಸಬೇಕು. ಇಲ್ಲೂ ಬೇರೆ ಇಸಿಯು ತಂದು ಹಾಕಿದರೆ ಹೊಸ ತೊಂದರೆ ತಂದುಕೊಂಡ ಹಾಗೆ. ನಿಮ್ಮ ಮೆಕ್ಯಾನಿಕ್‌ಗೆ ಇದನ್ನು ಹೇಳಿ.

ಕೊನೆಯದು, ಎರಡು ದಿನಕ್ಕೆ ಖಾಲಿಯಾಗುವ ಬ್ಯಾಟರಿ. ನಿಂತ ಕಾರು 50 ಮಿಲಿಆಂಪಿಯರ್ ಒಳಗೆ ಎಳೆಯುವುದು ಸಹಜ. 45 ಆಂಪಿಯರ್-ಗಂಟೆಯ ಬ್ಯಾಟರಿ ಎರಡು ದಿನಕ್ಕೆ ಮಲಗಬೇಕಾದರೆ ಅರ್ಧದಿಂದ ಒಂದು ಆಂಪಿಯರ್ ಹೋಗುತ್ತಿರಬೇಕು. ಇಷ್ಟು ಜಾಸ್ತಿ ಎಳೆಯುವುದು ಗಡಿಯಾರವಲ್ಲ, ರೇಡಿಯೋ ಮೆಮರಿಯೂ ಅಲ್ಲ. ಏನೋ ಒಂದು ನಿದ್ದೆಗೇ ಹೋಗುತ್ತಿಲ್ಲ.

ನನ್ನ ಮೊದಲ ಅನುಮಾನ ಇಸಿಯುನ ಮೇನ್ ರಿಲೇ ಮೇಲೆ, ಅಂದರೆ ಅದಕ್ಕೆ ಕರೆಂಟ್ ಕೊಡುವ ಸ್ವಿಚ್ ಮೇಲೆ. ಈಚಿನ ಎಂಜಿನ್‌ಗಳಲ್ಲಿ ಈ ರಿಲೇಯನ್ನು ಇಸಿಯುವೇ ಹಿಡಿದಿರುತ್ತದೆ. ಕೀ ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ಬಿಟ್ಟುಬಿಡುತ್ತದೆ. ಬಿಡಬೇಕಾದರೆ ಕೀ ಆಫ್ ಆಗಿದ್ದು ಅದಕ್ಕೆ ಗೊತ್ತಾಗಬೇಕು. ಕೀ ಸಿಗ್ನಲ್ ವೈರನ್ನು ಸದಾ ಕರೆಂಟ್ ಇರುವ ಲೈನಿಗೆ ಸೇರಿಸಿದ್ದರೆ, ಅಥವಾ ಫ್ಯಾನ್ ರಿಲೇ, ಬ್ಯಾಟರಿ ದೀಪದ ವೈರ್‌ನಂಥ ಕಡೆಯಿಂದ ಕರೆಂಟ್ ಹಿಂದಕ್ಕೆ ಹರಿಯುತ್ತಿದ್ದರೆ, ಇಸಿಯು ಇಡೀ ರಾತ್ರಿ ಎಚ್ಚರ. ಪರೀಕ್ಷೆ ಸುಲಭ: ಕೀ ಆಫ್ ಮಾಡಿ ಮೇನ್ ರಿಲೇ ಮೇಲೆ ಬೆರಳಿಟ್ಟು ಕಾಯಿರಿ. ಒಂದು ಸಣ್ಣ ಕ್ಲಿಕ್ ಬೆರಳಿಗೆ ತಾಗಬೇಕು. ತಾಗದಿದ್ದರೆ, ಗಂಟೆ ಬಿಟ್ಟು ಮುಟ್ಟಿದಾಗಲೂ ರಿಲೇ ಬೆಚ್ಚಗಿದ್ದರೆ, ಕಳ್ಳ ಸಿಕ್ಕಿದ. ಹಿಂದಕ್ಕೆ ಹರಿಯುವ ಕರೆಂಟಿಗೆ ಇನ್ನೊಂದು ಗುರುತೂ ಇದೆ. ಕೀ ತೆಗೆದ ಮೇಲೂ ಎಂಜಿನ್ ಒಂದೆರಡು ಕ್ಷಣ ಓಡಿ ನಿಲ್ಲುತ್ತದೆ. ಆಗ ದೀಪದ ವೈರಿಗೆ ಸರಿಯಾದ ದಿಕ್ಕಿನಲ್ಲಿ ಒಂದು ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಭಾಗ) ಹಾಕಿದರೆ ನಿಲ್ಲಬಹುದು.

ರಿಲೇ ಸರಿ ಇದ್ದರೆ ಸಾಲಾಗಿ ಹುಡುಕಬೇಕು. ಬಾನೆಟ್ ತೆರೆದಿಟ್ಟು, ತೆರೆದ ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿದಂತೆ ಮಾಡಿ, ಕಾರನ್ನು ಅರ್ಧ ಗಂಟೆ ಬಿಡಿ. ಆಮೇಲೆ ಫ್ಯೂಸ್ ಕೀಳದೆ, ಪ್ರತಿ ಫ್ಯೂಸಿನ ಬೆನ್ನಿನ ಎರಡು ಚುಕ್ಕಿಗಳ ನಡುವೆ ಮಿಲಿವೋಲ್ಟ್‌ನಲ್ಲಿ ಅಳೆಯಿರಿ. ಸೊನ್ನೆ ಬಂದರೆ ಆ ದಾರಿ ಮಲಗಿದೆ. ಏನಾದರೂ ಅಂಕಿ ಬಂದರೆ ಅಲ್ಲಿ ಕರೆಂಟ್ ಹರಿಯುತ್ತಿದೆ. ಫ್ಯೂಸ್ ಕಿತ್ತು ನೋಡುವ ದಾರಿಯಲ್ಲಿ ಮಲಗಿದ್ದ ಪೆಟ್ಟಿಗೆಗಳು ಮತ್ತೆ ಎಚ್ಚರವಾಗಿ ಲೆಕ್ಕ ಕೆಡಿಸುತ್ತವೆ. ಯಾವ ಫ್ಯೂಸಿನಲ್ಲೂ ಸಿಗದಿದ್ದರೆ ಆಲ್ಟರ್ನೇಟರ್‌ನ ದಪ್ಪ ವೈರ್ ಬಿಚ್ಚಿ ನೋಡಿ, ಬ್ಯಾಟರಿ ನೆಗೆಟಿವ್ ಮೊದಲು ತೆಗೆದು. ಒಳಗಿನ ಡಯೋಡ್ ಸೋರುತ್ತಿದ್ದರೆ ಮಂಕು ದೀಪಕ್ಕೂ ಖಾಲಿ ಬ್ಯಾಟರಿಗೂ ಅದೊಂದೇ ಕಾರಣವಾಗಬಹುದು.

ಇವೆಲ್ಲ ನೋಡುವಾಗ ಜೋಡಣೆಗಳ ಮೇಲೂ ಕಣ್ಣಿರಲಿ. ವೈರ್ ತಿರುಚಿ ಟೇಪ್ ಸುತ್ತಿದ್ದು ಎಂಜಿನ್ ಬಿಸಿಗೆ ಅಂಟು ಬಿಟ್ಟು ಜಾರುತ್ತದೆ. ಎಲ್ಲೆಲ್ಲಿ ಅಂಥದ್ದು ಸಿಗುತ್ತದೋ ಅಲ್ಲೆಲ್ಲ ಬಿಚ್ಚಿ, ಸರಿಯಾದ ಕ್ರಿಂಪ್ ಹಾಕಿ ಹೀಟ್ ಶ್ರಿಂಕ್ ಎಳೆಯಿರಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹತ್ತಿರ, ಸೆಲ್ಫ್ ಹಿಂದೆ, ಫೈರ್‌ವಾಲ್ ತೂತಿನಲ್ಲಿ ವೈರ್ ಉಜ್ಜುತ್ತಿದೆಯಾ ನೋಡಿ. ಎಂಜಿನ್ ನಿಂತಾಗ ಎರಡು ಬೆರಳು ಅಂತರ ಇದ್ದದ್ದು, ಗೇರ್ ಹಾಕಿ ಎಳೆಯುವಾಗ ಎಂಜಿನ್ ವಾಲಿದರೆ ಇಲ್ಲವಾಗುತ್ತದೆ.

ಇಸಿಯು ನಿಜವಾಗಿ ಹೋಗಿದೆ ಎಂದು ನಾನು ಒಪ್ಪಬೇಕಾದರೆ ಇಷ್ಟು ಬೇಕು. ಅದರ ಕಪ್ಲರ್‌ನಲ್ಲಿ ಎಲ್ಲ 12 ವೋಲ್ಟ್ ಪಿನ್‌ಗಳಿಗೂ, ಎಲ್ಲ ಅರ್ತ್ ಪಿನ್‌ಗಳಿಗೂ ಎಂಜಿನ್ ಓಡುವಾಗ ಅಳೆದ ಅಂಕಿ ಸರಿ ಇರಬೇಕು. ಸೆನ್ಸರ್‌ಗಳನ್ನೆಲ್ಲ ತೆಗೆದು, 5 ವೋಲ್ಟ್ ವೈರನ್ನು ಇಸಿಯು ಕಪ್ಲರ್‌ನಿಂದಲೇ ಬೇರ್ಪಡಿಸಿದರೂ ಆ ಪಿನ್‌ನಲ್ಲಿ 5 ಬರದೇ ಇರಬೇಕು. ಈ ಅಂಕಿಗಳನ್ನು ಒಂದು ಕಾಗದದ ಮೇಲೆ ಬರೆದು ತೋರಿಸಲು ಮೆಕ್ಯಾನಿಕ್‌ಗೆ ಕೇಳಿ. ತೋರಿಸಿದರೆ ಬದಲಾಯಿಸಿ.